ಪೆನ್ನಿ

ನನ್ನ ಜಾಗ ಹಲಗೆಯ ಕೆಳಗೆ.
ಡನೀಡನ್ ಊರಿನ ಜುಲೈ ಚಳಿ, ಸ್ಕೌಟ್ ಹಾಲಿನ ಸಿಮೆಂಟು ನೆಲ,
ಬೆನ್ನಡಿಗೆ ಮಡಿಸಿದ ಹಳೇ ಕಂಬಳಿ,
ಹಣೆಗೆ ಕಟ್ಟಿದ ದೀಪ, ಕೈಯಲ್ಲಿ ಬೆಸುಗೆ ಕಡ್ಡಿ.
ಮೇಲೊಂದು ಕಣಿವೆ ಇದೆ ಅನ್ನುತ್ತಾರೆ,
ಏಪ್ರಿಕಾಟ್ ತೋಟ, ಕುರಿಮಂದೆ, ಕೆಂಪು ತಗಡಿನ ಗೂಡ್ಸ್ ಶೆಡ್ಡು.
ಇರಲಿ.
ನನಗೆ ಗೊತ್ತಿರುವ ರೈಲುದಾರಿ ಇಷ್ಟೇ:
ಕೆಂಪು ವೈರು, ಕಪ್ಪು ವೈರು,
ಕಪ್ಪು ತೀರಿತೆಂದು ಯಾರೋ ಹಳದಿ ಎಳೆದು
ಎಲ್ಲೂ ಬರೆದಿಡದೆ ಹೋದ ಹದಿನೆಂಟು ಅಡಿ.

'ನೊಯಲೀನ್, ಏಳನೇ ಪಾಯಿಂಟು ಸತ್ತಿದೆ.'
ಮೇಲಿಂದ ಆಲಿಸ್ಟರನ ದನಿ.
ಅವನ ಮುಖ ಸರಿಯಾಗಿ ನೋಡದೆ ಎಷ್ಟೋ ಮಂಗಳವಾರ ಕಳೆದವು;
ಎಡಗಾಲ ಬೂಟಿನ ಗಂಟುಬಿದ್ದ ಲೇಸು ಮಾತ್ರ ಚೆನ್ನಾಗಿ ಪರಿಚಯ.
ಬಿಸಿ ಸೀಸದ ಹನಿಯೊಂದು ಮಣಿಕಟ್ಟಿಗೆ ಬಿತ್ತು.
ನಾನು ಬೈದದ್ದು ಪಕ್ಕದ ಚರ್ಚಿಗೂ ಕೇಳಿರಬೇಕು.

ಅಳತೆ, ಅರವತ್ನಾಲ್ಕಕ್ಕೆ ಒಂದು.
ಅರವತ್ನಾಲ್ಕು ವಿದ್ಯೆಗಳಲ್ಲಿ ಇದಿಲ್ಲ,
ಅರವತ್ತೈದನೆಯದು ಅಂತ ಬರೆದುಕೊಳ್ಳಿ:
ಕುಡಿದುಳಿದ ಚಹಾಪುಡಿ ಒಣಗಿಸಿ ನೆಲಕ್ಕೆ ಉದುರಿಸುವುದು,
ಹೊಲಿಗೆ ದಾರದಲ್ಲಿ ಟೆಲಿಗ್ರಾಫ್ ತಂತಿ ಕಟ್ಟುವುದು,
ನೀರು ನುಂಗಿದ ಸ್ಟೇಷನ್ನನ್ನು
ಮೂರು ಫೋಟೋ, ಒಬ್ಬ ಮುದುಕನ ಜಗಳ, ಇಷ್ಟರಿಂದಲೇ ಎಬ್ಬಿಸುವುದು.

ಅಣೆಕಟ್ಟು ಬಂತು. ಹಳಿ ಕಿತ್ತರು. ಆಮೇಲೆ ನೀರು ಏರಿತು.
ಆಲಿಸ್ಟರನ ಅಪ್ಪ ಅಲ್ಲಿ ಗ್ಯಾಂಗ್‌ಮನ್ ಆಗಿದ್ದ.
ಶೆಡ್ಡಿನ ಬಾಗಿಲು ಎಡಕ್ಕೆ ಜಾರುತ್ತಿತ್ತು ಎನ್ನುತ್ತಾನೆ ಆಲಿಸ್ಟರ್.
ಬಲಕ್ಕೆ ಎನ್ನುತ್ತದೆ ಫೋಟೋ.
ಫೋಟೋವನ್ನೇ ತಿರುಗಾಮುರುಗಾ ತೊಳೆದಿದ್ದಾರೆ ಎನ್ನುತ್ತಾನೆ ಆಲಿಸ್ಟರ್.
ಬಾಗಿಲು ಮಾಡಿದ ತವೀತ ಆರು ವಾರದಿಂದ
ಅದನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಓಡಾಡುತ್ತಿದ್ದಾನೆ.

ಪ್ರದರ್ಶನಕ್ಕೆ ನಾಲ್ಕು ದಿನ.
ತೆವಳಿ ಈಚೆ ಬಂದು, ಸೊಂಟ ನೆಟ್ಟಗೆ ಮಾಡಿಕೊಂಡು
ನಾಣ್ಯದ ಪರೀಕ್ಷೆಗೆ ನಿಲ್ಲುತ್ತೇನೆ.
ಎರಡೂ ಹಳಿಗೆ ತಾಗುವಂತೆ ಅಡ್ಡ ಒಂದು ನಾಣ್ಯ ಇಟ್ಟರೆ
ಅರೆಕ್ಷಣದಲ್ಲಿ ಇಡೀ ರೈಲ್ವೆ ಕಣ್ಣು ಮುಚ್ಚಬೇಕು.
ಮುಚ್ಚದಿದ್ದರೆ ಎಲ್ಲೋ ತಂತಿ ಸಣ್ಣದು,
ಎಂದೋ ಒಂದು ದಿನ ಹೊಗೆ.
ಅಡಿಗೊಮ್ಮೆ ಇಡು, ತೆಗೆ. ಇಡು, ತೆಗೆ.

ಹತ್ತು ವರ್ಷದವಳಿದ್ದಾಗ ಬಾಲ್‌ಕ್ಲೂತಾದ ಗೇಟಿನ ಬಳಿ
ನಿಜವಾದ ಹಳಿಯ ಮೇಲೆ ಒಂದು ಪೆನ್ನಿ ಇಟ್ಟಿದ್ದೆ.
ಗೂಡ್ಸ್ ಬಂತು, ಹೋಯಿತು, ಅದಕ್ಕೆ ಗೊತ್ತೂ ಆಗಲಿಲ್ಲ.
ನಾಣ್ಯದ ಟೂಯಿ ಹಕ್ಕಿ ಎಲೆಯಷ್ಟು ತೆಳ್ಳಗೆ,
ಕೊರಳ ಗೊಂಡೆ ಬಾಲದ ತನಕ ಎಳೆದುಕೊಂಡು,
ಅಂಗೈಯಲ್ಲಿ ಬಿಸಿಬಿಸಿ.
ಬಿಸಿಲಿಗಲ್ಲ. ತುಳಿತಕ್ಕೆ.

ಈಗಲೂ ನಾನು ಇಡುವುದು ಆ ಪೆನ್ನಿಯನ್ನೇ,
ವಿನೆಗರಿನಲ್ಲಿ ಉಜ್ಜಿ.
ಅಂದು ಲೆಕ್ಕಕ್ಕಿಲ್ಲದ್ದು, ಇಂದು ಸುಮ್ಮನೆ ಮಲಗಿದರೂ
ಸುರಂಗ ನಿಲ್ಲುತ್ತದೆ, ಸೇತುವೆ ನಿಲ್ಲುತ್ತದೆ,
ನಾಲ್ಕು ಹತ್ತರ ಕುರಿಗಾಡಿ ನಿಂತಲ್ಲೇ ನಿಲ್ಲುತ್ತದೆ.

ಶೆಡ್ಡಿನ ಎದುರು ಇಟ್ಟೆ.
ಏನೂ ನಿಲ್ಲಲಿಲ್ಲ.
ಒಂದು, ಎರಡು, ಮೂರು ಎಣಿಸಿದೆ.
ಬೆರಳಿಗೆ ಮೊದಲು ಬೆಚ್ಚಗೆ,
ಆಮೇಲೆ ಗೇಟಿನ ಬಳಿಯ ಆ ಮಧ್ಯಾಹ್ನ.
ತೆಗೆಯಬೇಕಿತ್ತು ತಕ್ಷಣ.
ತೆಗೆದೆ, ಸ್ವಲ್ಪ ತಡವಾಗಿ.

'ಇಲ್ಲಿ ತಂತಿ ಸಾಲದು' ಅಂದೆ. ಮತ್ತೆ ಕೆಳಗಿಳಿದೆ.
ಆ ಹಳದಿಯೇ, ಇನ್ಯಾವುದು.
ಕಿತ್ತು ದಪ್ಪನೆಯದು ಎಳೆದು ಬೆಸೆಯುವಾಗ
ಥರ್ಮಾಸಿನ ಕೊನೆಯ ಚಹಾವೂ ಮುಗಿದಿತ್ತು.

ಹನ್ನೊಂದೂವರೆಗೆ ಕುರಿಗಾಡಿ ಹೊರಟಿತು.
ನೀರಡಿಯ ಊರು, ಅದರಡಿಯಲ್ಲಿ ನಾನು,
ಹಳಿಯ ಜೋಡುಗಳು ಟಿಕ್ ಟಿಕ್ ಎಂದು ನೆತ್ತಿಯ ಮೇಲೆ ಹಾದು
ಶೆಡ್ಡಿನೆದುರು ಬಂದು ನಿಂತವು.
ಬೂಟುಗಳು ಅಲ್ಲಾಡಲಿಲ್ಲ.
ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ.
ಅಪ್ಪನ ಬಗ್ಗೆ ಏನಾದರೂ ಹೇಳಬಹುದು ಅಂದುಕೊಂಡು
ದೀಪ ಆರಿಸಿ ಮಲಗಿದ್ದೆ.

'ನೊಯಲೀನ್' ಅಂದ, ಗಂಟಲು ಸರಿಮಾಡಿಕೊಂಡು.
'ಎಂಟನೆಯದೂ ಸತ್ತಿದೆ.'